ಪಾಸಣ್ಣನ ಕೆಂಪು ಚೆಂಡು

ಟ್ರಂಕಿನ ಮುಚ್ಚಳ ತೆಗೆದರೆ ಡಾಂಬರ್ ಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಬೇರೆಯವರಿಗೆ ಅದು ಬರೀ ಹಳೇ ಬಟ್ಟೆಯ ವಾಸನೆ. ನನಗೆ ಮಾತ್ರ ಇವತ್ತಿಗೂ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ನವನಗರದ ಈ ಮನೆಯಲ್ಲಿ ಹೆದರುವಂಥದ್ದು ಏನೂ ಇಲ್ಲ. ಗೋಡೆ ನೆಟ್ಟಗಿದೆ, ರಸ್ತೆ ನೆಟ್ಟಗಿದೆ, ಒಂದೊಂದು ಸೆಕ್ಟರಿಗೂ ಒಂದೊಂದು ನಂಬರಿದೆ. ಹೆದರಿಕೊಳ್ಳಲಿಕ್ಕೆ ಬೇಕಾದ ಮೂಲೆ ಮುಡುಕುಗಳನ್ನೇ ಇಲ್ಲಿ ಯಾರೂ ಕಟ್ಟಿಲ್ಲ. ಅವೆಲ್ಲ ಹಳೇ ಬಾಗಲಕೋಟೆಯಲ್ಲಿ, ಘಟಪ್ರಭೆಯ ದಂಡೆಗಿದ್ದ ನಮ್ಮ ಬಣ್ಣದ ಓಣಿಯಲ್ಲಿಯೇ ಉಳಿದವು. ಈಗ ಅದರ ಮೇಲೆ ಡ್ಯಾಮಿನ ನೀರು ನಿಂತಿದೆ. ನಿಮ್ಮ ಮನೆಯೂ ಆ ನೀರಿನ ಕೆಳಗೆ ಇದ್ದರೆ ನಾನು ಏನು ಹೇಳುತ್ತಿದ್ದೇನೆಂಬುದು ನಿಮಗೆ ಗೊತ್ತಾಗುತ್ತದೆ. ಊರು ಬಿಟ್ಟು ಬಂದವರು ಎಂದಾದರೊಂದು ದಿನ ತಿರುಗಿ ಹೋಗಿ ನೋಡಬಹುದು. ನಮಗೆ ಆ ಭಾಗ್ಯವೂ ಇಲ್ಲ.

ನಾನು ಹುಟ್ಟಾ ಪುಕ್ಕಲಿ. ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಮಗ್ಗವಿತ್ತು. ನೇಯುವವರು ಕಾಲು ಇಳಿಬಿಟ್ಟು ಕೂಡುವ ಅದರ ಕುಣಿ ಸಂಜೆಯಾಗುತ್ತಲೇ ಕಪ್ಪಗಾಗುತ್ತಿತ್ತು. ಅದರೊಳಗೆ ಯಾರೋ ಕುಂತಿದ್ದಾರೆ, ದಾಟಿದರೆ ನನ್ನ ಕಾಲು ಹಿಡಿಯುತ್ತಾರೆ ಎಂದು ನಾನು ಗೋಡೆ ಸವರಿಕೊಂಡು ಓಡುತ್ತಿದ್ದೆ. ಹಿತ್ತಲಲ್ಲಿ ಅಪ್ಪನ ತಮ್ಮ ಮಾಂತು ಕಾಕಾ ನೂಲಿಗೆ ಬಣ್ಣ ಹಾಕುತ್ತಿದ್ದ. ಸೀರೆಯ ಸೆರಗಿಗೆ ಬೇಕಾದ ಕೆಂಪು ಬಣ್ಣವನ್ನು ಅವನು ದೊಡ್ಡ ತಾಮ್ರದ ಹಂಡೆಯಲ್ಲಿ ಕುದಿಸುತ್ತಿದ್ದರೆ ಗುಳುಗುಳು ಎನ್ನುವ ಆ ಸಪ್ಪಳಕ್ಕೂ ನನಗೆ ಹೆದರಿಕೆ. ಬಿದಿರ ಗಳಕ್ಕೆ ಹಾಕಿದ ನೂಲಿನ ಲಡಿಗಳಿಂದ ತಟಕು ತಟಕು ಕೆಂಪು ನೀರು ಇಳಿಯುತ್ತಿತ್ತು. ಓಣಿಯ ಗಟಾರದಲ್ಲಿ ಒಂದು ದಿನ ಕೆಂಪು, ಒಂದು ದಿನ ಹಸಿರು ಹರಿಯುತ್ತಿತ್ತು. ನಮ್ಮ ಓಣಿಯಲ್ಲಿ ಯಾರ ಕೈ ನೋಡಿದರೂ ಉಗುರಿನ ಸಂದಿಯಲ್ಲಿ ಬಣ್ಣ. ಕೆಂಪು ತೊಟ್ಟಿಕ್ಕುತ್ತಿದ್ದರೆ ಯಾರೂ ತಿರುಗಿ ಸಹ ನೋಡುತ್ತಿರಲಿಲ್ಲ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ನಡೆದುದಕ್ಕೆಲ್ಲ ಇದೇ ಮೂಲ.

ನನ್ನ ಹೆದರಿಕೆಗಳಿಗೆಲ್ಲ ಒಂದೇ ಮದ್ದು ಎಂದರೆ ಆಯಿ, ನನ್ನ ಅಪ್ಪನ ಅವ್ವ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೊಣಕಾಲು ಹಿಡಿದು ಕೂತಲ್ಲಿಂದ ಏಳಲಿಕ್ಕೆ ಎರಡು ಸಲ 'ಬಸವಾ' ಅನ್ನಬೇಕು. ಕೂತಲ್ಲಿಯೇ ರಾಟಿ ತಿರುಗಿಸುತ್ತ ಇಡೀ ಮನೆಯನ್ನು ಆಳುತ್ತಿದ್ದಳು. ದೀಪಾವಳಿ ಮುಗಿದು ಚಳಿ ಬಿದ್ದಿತೆಂದರೆ ಆಕೆ ಅವ್ವನಿಗೆ ಒಂದೇ ಕೆಲಸ ಹೇಳುತ್ತಿದ್ದಳು: ಮುಂದಿನ ಕೋಣೆ, ಅಂದರೆ ಮುಂಚೀ ಖೋಲಿ, ಸಾರಿಸು. ಮುಂಡಗೋಡದ ಕಡೆಯಿಂದ ಸ್ವೆಟರ್ ಮಾರುವ ಟಿಬೇಟದವರು ಬರುವ ಹೊತ್ತು ಅದು. ಊರಲ್ಲಿ ಉಳಿದವರು ಅವರಿಗೆ ಖೋಲಿ ಕೊಡಲು ಹಿಂದೆ ಮುಂದೆ ನೋಡುತ್ತಿದ್ದರು. ಆಯಿ ಮಾತ್ರ ಮೊದಲ ವರ್ಷವೇ, 'ಮನಿ ಕಳಕೊಂಡು ಬಂದ ಮಂದಿಗೆ ಮನಿ ಇಲ್ಲ ಅನಬಾರದವಾ' ಎಂದು ಬಾಗಿಲು ತೆಗೆದಿದ್ದಳು. ಬಂದವರು ಇಬ್ಬರೇ. ಒಬ್ಬಾಕೆ ಆಯಿಯಷ್ಟೇ ವಯಸ್ಸಿನ ಮುದುಕಿ. ಆಕೆಯನ್ನು ಮಗ 'ಅಮಾಲಾ', ಅಂದರೆ ಅವ್ವಾ, ಎಂದು ಕರೆಯುತ್ತಿದ್ದುದರಿಂದ ನಮಗೆಲ್ಲ ಆಕೆ ಅಮಾಲಾ ಆದಳು. ಮಗನ ಹೆಸರು ಪಾಸಾಂಗ್. ನಮ್ಮ ಬಾಯಿಗೆ ಅದು ಒಗ್ಗದೆ ಪಾಸಣ್ಣ ಆಯಿತು, ಅವನಿಗೂ ಹಿಡಿಸಿತು.

ಅಮಾಲಾಗೆ ಕನ್ನಡ ಬಾರದು, ಆಯಿಗೆ ಕನ್ನಡ ಬಿಟ್ಟು ಮತ್ತೇನೂ ಬಾರದು. ಆದರೂ ಸಂಜೆ ಕಟ್ಟೆಯ ಮೇಲೆ ಇಬ್ಬರೂ ಕೂತರೆ ಮಾತಿಗೆ ಕೊನೆಯಿರುತ್ತಿರಲಿಲ್ಲ. ಆಕೆ ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳುವಳು, ಆಯಿ 'ಹೌದವ್ವಾ, ಖರೆ ಐತಿ' ಎಂದು ತಲೆಯಾಡಿಸಿ ತನ್ನ ಮೊಣಕಾಲಿನ ಕಥೆ ಹೇಳುವಳು. ಅಮಾಲಾ ಒಮ್ಮೆ ಉಪ್ಪು ಬೆಣ್ಣೆ ಹಾಕಿದ ಚಹಾ ಕೊಟ್ಟಾಗ ಆಯಿ ಒಂದು ಗುಟುಕು ಕುಡಿದು, ಮುಖ ಕಿವುಚದೆ ನುಂಗಿ, 'ಇದು ಚಾ ಅಲ್ಲವಾ, ಸಾರು. ರೊಟ್ಟಿಗಿ ಛಲೋ ಆಕ್ಕೇತಿ' ಎಂದು ನಿಜವಾಗಿಯೂ ಜೋಳದ ರೊಟ್ಟಿ ತರಿಸಿ ಅದರಲ್ಲಿ ಅದ್ದಿ ಉಂಡಳು. ಅಮಾಲಾ ಹೊಟ್ಟೆ ಹಿಡಿದು ನಕ್ಕಳು. ಆ ಖೋಲಿಯ ತುಂಬ ಉಣ್ಣೆಯ ವಾಸನೆ, ಡಾಂಬರ್ ಗುಳಿಗೆಯ ವಾಸನೆ. ಚಳಿಗಾಲವೆಂದರೆ ನನಗೆ ಆ ವಾಸನೆಯೇ ಆಗಿಹೋಗಿತ್ತು.

ಪಾಸಣ್ಣ ಮುಂಜಾನೆಯೆಲ್ಲ ತನ್ನ ಅವ್ವನ ಜೊತೆ ಪೇಟೆಯಲ್ಲಿ ಸ್ವೆಟರ್ ಮಾರುತ್ತಿದ್ದ. ಬಿಸಿಲು ಇಳಿಯುತ್ತಲೇ ಅವನ ಕಾಲು ಕಟ್ಟಿಹಾಕಿದರೂ ನಿಲ್ಲುತ್ತಿರಲಿಲ್ಲ. ಅವರ ಮುಂಡಗೋಡದ ಕ್ಯಾಂಪಿನಲ್ಲಿ ಹುಡುಗರು ದೊಡ್ಡವರೆನ್ನದೆ ಎಲ್ಲರೂ ಫುಟ್‌ಬಾಲ್ ಆಡುತ್ತಿದ್ದರಂತೆ. ನಮ್ಮಲ್ಲಿ ಕುಸ್ತಿ ಗೊತ್ತು, ಚಿಣ್ಣಿದಾಂಡು ಗೊತ್ತು, ಫುಟ್‌ಬಾಲ್ ಎಂದರೆ ಸುಮ್ಮನೆ ಚೆಂಡಿನ ಹಿಂದೆ ಹಿಂಡುಗಟ್ಟಿ ಓಡುವುದು ಎಂದು ತಿಳಿದಿದ್ದರು. ಒಂದು ದಿನ ಹೊಳೆಯ ಪಾತ್ರದಲ್ಲಿ ಮಾಂತು ಕಾಕಾ ಮತ್ತು ಗೆಳೆಯರು ಹಾಗೆ ಓಡುತ್ತಿದ್ದಾಗ ಇವನು ನಡುವೆ ನುಗ್ಗಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ತೆಗೆದುಕೊಂಡು ಹೋದನಂತೆ. ಅಂದಿನಿಂದ ಕಾಕಾ ಅವನ ಬೆನ್ನು ಬಿಡಲಿಲ್ಲ. ಕಾಕಾನನ್ನು ಗೋಲು ಕಾಯಲು ನಿಲ್ಲಿಸಿದವನು ಇವನೇ. ಓಣಿಯ ಹುಡುಗರಿಗೆಲ್ಲ ಸಾಲಾಗಿ ನಿಂತು ಒಬ್ಬರಿಗೊಬ್ಬರು ಚೆಂಡು ಕೊಡುವುದನ್ನು ಕಲಿಸಿದ. ಅವನ ಕನ್ನಡ ಚೆಂಡಿನ ಸುತ್ತಲೇ ಬೆಳೆಯಿತು. 'ಕೊಡಲೇ', 'ಬಿಡಲೇ', 'ಓಡಲೇ ಬಸ್ಯಾ' ಇವಿಷ್ಟು ಮಾತು ಮಾತ್ರ ಅಪ್ಪಟ ನಮ್ಮ ಓಣಿಯವನಂತೆ ಆಡುತ್ತಿದ್ದ. ಆಟ ಮುಗಿದ ಮೇಲೆ ಎದುರಿಗೆ ಸಿಕ್ಕ ಕೂಸುಗಳ ತಲೆಯನ್ನೆಲ್ಲ ಸವರುತ್ತ ಬರುವುದು ಅವನ ರೂಢಿ. ನನ್ನ ತಲೆ ಸವರಿದರೆ ಜಡೆ ಬಿಚ್ಚುತ್ತದೆ ಎಂದು ನಾನು ಸಿಟ್ಟಾಗುತ್ತಿದ್ದೆ.

ಆ ವರ್ಷದ ಚಳಿಗಾಲದಲ್ಲಿ ಊರಿಗೆ ಒಂದು ಸುದ್ದಿ ಬಂದಿತು. ಎಲ್ಲಿಂದ ಬಂದಿತು, ಯಾರು ತಂದರು ಯಾರಿಗೂ ಗೊತ್ತಿಲ್ಲ. ಕೆಳಗೆ ಕೃಷ್ಣಾ ಹೊಳೆಗೆ ಡ್ಯಾಮು ಕಟ್ಟುತ್ತಿದ್ದರಲ್ಲ, ಆ ಗೋಡೆ ಎಷ್ಟು ಕಟ್ಟಿದರೂ ನಿಲ್ಲುತ್ತಿಲ್ಲವಂತೆ, ಅದಕ್ಕೆ ಮಕ್ಕಳ ತಲೆ ಬೇಕಂತೆ, ಚೀಲ ಹೊತ್ತ ಮಂದಿ ಊರೂರು ತಿರುಗಿ ಮಕ್ಕಳನ್ನು ಹಿಡಿಯುತ್ತಿದ್ದಾರಂತೆ. ಈಗ ಬರೆಯುವಾಗ ನಗು ಬರಬೇಕು. ಬರುವುದಿಲ್ಲ. ಆಗ ನಾನು ಅದನ್ನು ಪೂರಾ ನಂಬಿದ್ದೆ, ನನಗಿಂತ ಹಿರಿಯರೂ ನಂಬಿದ್ದರು. ಕನ್ನಡ ಸಾಲಿಗೆ ಹೋಗುವಾಗ ಅವ್ವ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ನಳದ ಹತ್ತಿರ ಹೆಂಗಸರು ಗುಸುಗುಸು ಮಾತಾಡುತ್ತಿದ್ದರು. ಒಮ್ಮೆ ಬಸ್ಯಾನ ಅವ್ವ, ಮೂಲೆಮನೆಯ ನೀಲವ್ವ, ನಮ್ಮ ಕಟ್ಟೆಗೆ ಬಂದು ಮುಂಚೀ ಖೋಲಿಯ ಕಡೆ ಹುಬ್ಬು ಹಾರಿಸಿ, 'ಆಯಿ, ಇವ್ರೂ ಚೀಲ ಹೊತ್ತಗೊಂಡ ತಿರಗತಾರಲ್ಲರಿ' ಎಂದಳು. ಆಯಿ ರಾಟಿ ನಿಲ್ಲಿಸದೆ, 'ನಿನ್ನ ಗಂಡನೂ ಕಾಳಿನ ಚೀಲ ಹೊರತಾನ, ಅವನ್ನೂ ಹಿಡಕೊಟ್ಟ ಬಾ ಹೋಗು' ಎಂದಳು. ನೀಲವ್ವ ನಕ್ಕಳು. ನಾನು ನಗಲಿಲ್ಲ. ಅಂದಿನಿಂದ ಆ ಖೋಲಿಯ ಮುಂದೆ ಹಾಯುವಾಗ ನನಗೆ ಮಗ್ಗದ ಕುಣಿ ದಾಟಿದಂತಾಗುತ್ತಿತ್ತು. ಡಾಂಬರ್ ಗುಳಿಗೆಯ ವಾಸನೆ ಬಂದರೆ ಉಸಿರು ಬಿಗಿಹಿಡಿಯುತ್ತಿದ್ದೆ. ಪಾಸಣ್ಣ ತಲೆ ಸವರಲು ಕೈ ಚಾಚಿದರೆ ಸರಿದು ನಿಲ್ಲುತ್ತಿದ್ದೆ. ಅವನು ಜಡೆಯ ಸಿಟ್ಟೆಂದೇ ತಿಳಿದು ನಗುತ್ತಿದ್ದ.

ಅದೇ ಹೊತ್ತಿಗೆ ಹುನಗುಂದದ ಹುಡುಗರ ಜೊತೆ ಒಂದು ಆಟ ನಿಗದಿಯಾಗಿತ್ತು. ಅವರು ರವಿವಾರ ಮಧ್ಯಾಹ್ನದ ಬಸ್ಸಿಗೆ ಬರುವವರು. ನಮ್ಮವರ ಚೆಂಡು ಹಳೆಯದಾಗಿ ಹೊಳೆಯ ಮಣ್ಣಿನ ಬಣ್ಣಕ್ಕೇ ತಿರುಗಿತ್ತು. ಹೊತ್ತು ಇಳಿದ ಮೇಲೆ ಚೆಂಡು ಯಾವುದು ಕಲ್ಲು ಯಾವುದು ತಿಳಿಯುತ್ತಿರಲಿಲ್ಲ. ಬೀಗರಂತೆ ಬರುವವರ ಮುಂದೆ ಇಂಥ ಚೆಂಡು ಇಡುವುದೇ ಎಂದು ಮಾಂತು ಕಾಕಾಗೆ ಮರ್ಯಾದೆಯ ಪ್ರಶ್ನೆ. ಬಣ್ಣ ಹಾಕುವವನಿಗೆ ತೋಚುವುದು ಮತ್ತೇನು? ಆ ರವಿವಾರ ಹಂಡೆಯಲ್ಲಿ ಉಳಿದ ಕೆಂಪಿನಲ್ಲಿ ಚೆಂಡನ್ನು ಮುಳುಗಿಸಿ ಕಟ್ಟಿಗೆಯಿಂದ ತಿರುವಿ ತಿರುವಿ ಎತ್ತಿದ. ಪಾಸಣ್ಣ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೂಸಿನಂತೆ ಚಪ್ಪಾಳೆ ಹೊಡೆದ. ಸೆರಗಿನ ಕೆಂಪಿನಷ್ಟೇ ಕೆಂಪಾದ ಚೆಂಡು! ಆದರೆ ಚರ್ಮ ಬಣ್ಣ ಕುಡಿದು ಒದ್ದೆಯಾಗಿತ್ತು. ಒಣಗಲು ಹೊತ್ತಿರಲಿಲ್ಲ. 'ನೀ ಇದನ್ನ ಹೊಳಿಗಿ ಒಯ್ಯಿ, ಹುಡುಗೂರು ಕಾಯಾಕ ಹತ್ಯಾವ. ನಾ ಸ್ಟ್ಯಾಂಡಿಗಿ ಹೋಗಿ ಅವರನ್ನ ಕರಕೊಂಡ ಬರ್ತೇನಿ' ಎಂದು ಕಾಕಾ ಹೋದ. ಅಪ್ಪ ನೇಯ್ದ ಸೀರೆ ಕೊಡಲು ಇಳಕಲ್ಲಿಗೆ ಹೋಗಿದ್ದ. ಅಮಾಲಾ ಪೇಟೆಯಲ್ಲಿದ್ದಳು. ಪಾಸಣ್ಣ ಒದ್ದೆ ಚೆಂಡನ್ನು ತನ್ನ ಖಾಲಿ ಚೀಲದಲ್ಲಿ ಹಾಕಿ ಬೆನ್ನಿಗೆ ಹೊತ್ತು ಹೊರಟ. ನಮ್ಮ ಓಣಿಯ ಉದ್ದಕ್ಕೂ ಚೀಲದ ತಳದಿಂದ ಕೆಂಪು ತೊಟ್ಟಿಕ್ಕಿತು. ಯಾರೂ ತಿರುಗಿ ನೋಡಲಿಲ್ಲ. ಓಣಿಯ ಮೂಲೆ ತಿರುಗಿದ ಮೇಲೆ ಅದು ಬಣ್ಣವಾಗಿ ಉಳಿಯಲಿಲ್ಲ.

ಮೊದಲು ಕೇಳಿಸಿದ್ದು ನಳದ ಹತ್ತಿರ ಕೊಡ ಬಿದ್ದ ಸದ್ದು. ಆಮೇಲೆ ಒಬ್ಬ ಹೆಂಗಸಿನ ಕೂಗು. 'ತಲಿ! ಚೀಲದಾಗ ತಲಿ ಐತಿ!' ನಂತರ ನಾನು ಎಂದೂ ಕೇಳದ ಒಂದು ಸದ್ದು ಬಂತು. ಅದನ್ನು ಸದ್ದೆನ್ನಬೇಕೋ ಏನೋ, ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತುಹೋದವು. ಬೆಳಗಿನಿಂದ ಕಿವಿಯಲ್ಲಿ ಲಟಕ್ ಪಟಕ್ ಎನ್ನುತ್ತಿದ್ದುದು ನಿಂತಾಗ ನನ್ನ ಎದೆಯ ಬಡಿತ ನನಗೇ ಕೇಳಿಸಿತು. ಅಷ್ಟರಲ್ಲಿ ಪಾಸಣ್ಣ ಬಾಗಿಲಲ್ಲಿ ಬಿದ್ದವನಂತೆ ಒಳಗೆ ಬಂದ. ಕಿವಿಯ ಮೇಲೆ ಕಲ್ಲು ತಾಗಿತ್ತು. ಅಂಗಿಯ ಬೆನ್ನೆಲ್ಲ ಕೆಂಪು, ಹೆಗಲೆಲ್ಲ ಕೆಂಪು, ಎಲ್ಲಿ ಬಣ್ಣ ಮುಗಿದು ಎಲ್ಲಿ ರಕ್ತ ಶುರುವಾಗಿದೆ ತಿಳಿಯದು. ಅವನು ಓಡಿದ್ದೇ ತಪ್ಪಾಗಿತ್ತು. ನಿಂತು ಚೀಲ ಬಿಚ್ಚಿದ್ದರೆ ಮುಗಿಯುತ್ತಿತ್ತೇನೋ. ಆದರೆ ಅಷ್ಟು ಮಂದಿ ಕೂಗುತ್ತ ಬಂದರೆ ಯಾರು ನಿಲ್ಲುತ್ತಾರೆ? ಒಮ್ಮೆ ಊರೇ ಬಿಟ್ಟು ಓಡಿ ಬಂದವನಂತೂ ನಿಲ್ಲಲಾರ. 'ಬಾಲ್, ಆಯಿ... ಬಾಲ್ ಅಷ್ಟೆ' ಎಂದ. ಗೋಡೆಗೆ ಒತ್ತಿಕೊಂಡು ಮಗ್ಗದ ಹಿಂದೆ ಕೂತ. ಅವ್ವ ಬಾಗಿಲ ಚಿಲಕ ಹಾಕಿ ನನ್ನನ್ನು ಎಳೆದು ಸೆರಗಿನೊಳಗೆ ಅವುಚಿಕೊಂಡಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಹೊತ್ತು ನನಗೆ ಹೊರಗಿನ ಮಂದಿಯ ಭಯಕ್ಕಿಂತ ಒಳಗಿದ್ದ ಆ ಚೀಲದ ಭಯವೇ ಹೆಚ್ಚಿತ್ತು. ಹಂಡೆಯಲ್ಲಿ ಚೆಂಡು ಮುಳುಗಿಸಿದ್ದನ್ನು ತುಸು ಹೊತ್ತಿನ ಮೊದಲು ನಾನೇ ಕಣ್ಣಾರೆ ನೋಡಿದ್ದೆ. ಆದರೂ ಚೀಲದಲ್ಲಿ ತಲೆ ಇದೆ ಎಂದೇ ಅನಿಸಿತು.

ಆಯಿ ಎರಡು ಸಲ 'ಬಸವಾ' ಎಂದು ಎದ್ದಳು. ಪಾಸಣ್ಣನ ಕಿವಿಯ ಹತ್ತಿರ ಬೆರಳು ಮುಟ್ಟಿಸಿ ನೋಡಿದಳು, ಅಡುಗೆಮನೆಯಿಂದ ಅರಿಷಿಣ ತಂದು ಒತ್ತಿದಳು. ಹೊರಗೆ ಬಾಗಿಲಿಗೆ ಗುದ್ದುತ್ತಿದ್ದರು. ಆಕೆ ಚೀಲಕ್ಕೆ ಕೈಹಾಕಿ ಚೆಂಡು ತೆಗೆದು ಬಾಗಿಲು ತೆರೆದಳು. ಹೊಸ್ತಿಲಲ್ಲಿ ನಿಂತು ಚೆಂಡನ್ನು ಎತ್ತಿ ತೋರಿಸಿದಳು. ಅವಳ ಮೊಣಕೈಗುಂಟ ಕೆಂಪು ಇಳಿಯಿತು.

'ನೋಡ್ರಿ ಬೇಕಾದ್ರ. ಬಾಲ್ ಐತಿ. ಮಾಂತೂ ಬಣ್ಣ ಹಾಕ್ಯಾನ.'

ಮುಂದಿದ್ದವರು ನೋಡಿದರು. ಹಿಂದಿದ್ದವರಿಗೆ ಕಾಣಲಿಲ್ಲ. ಭಯ ಅಷ್ಟು ಸುಲಭವಾಗಿ ಇಳಿಯುವುದಿಲ್ಲ, ಒಂದು ಆಸರೆ ಬಿಟ್ಟರೆ ಇನ್ನೊಂದನ್ನು ಹಿಡಿಯುತ್ತದೆ. ಗುಂಪನ್ನು ಸೀಳಿಕೊಂಡು ನೀಲವ್ವ ಬಂದಳು. ಅವಳ ಕೂದಲು ಬಿಚ್ಚಿತ್ತು, ಸೆರಗು ನೆಲಕ್ಕೆ ಬಿದ್ದಿತ್ತು.

'ಬಾಲ್ ಇರಲಿ. ನನ್ನ ಬಸ್ಯಾ ಎಲ್ಲಿ ಅದಾನ? ಉಣ್ಣಾಕೂ ಬಂದಿಲ್ಲ. ಓಣ್ಯಾಗ ಒಂದ ಹುಡುಗ ಇಲ್ಲ ಆಯಿ, ಒಂದೂ ಇಲ್ಲ!'

ಅದು ನಿಜವೇ. ನನ್ನನ್ನು ಬಿಟ್ಟರೆ ಓಣಿಯಲ್ಲಿ ಒಂದು ಮಗುವೂ ಇರಲಿಲ್ಲ. ಮನೆಯಲ್ಲಿ ಹೇಳಿದರೆ ಬಿಡುವುದಿಲ್ಲವೆಂದು ಎಲ್ಲವೂ ಹೇಳದೆ ಕೇಳದೆ ಹೊಳೆಗೆ ಹೋಗಿ ಚೆಂಡಿಗಾಗಿ ಕಾಯುತ್ತಿದ್ದವು. ಅದನ್ನು ಹೇಳಿದರೆ ಕೇಳುವ ಸ್ಥಿತಿಯಲ್ಲಿ ಯಾರಿದ್ದರು? 'ಹೊಳಿಗಿ' ಎಂಬ ಮಾತು ಕಿವಿಗೆ ಬಿದ್ದರೆ ಡ್ಯಾಮಿನ ನೆನಪಾಗಿ ಇನ್ನಷ್ಟು ಕೆರಳುವವರು. ಕೆಲವರ ಕೈಯಲ್ಲಿ ಕಲ್ಲು, ಒಬ್ಬನ ಕೈಯಲ್ಲಿ ಮಗ್ಗದ ಗೂಟ. ದಿನಾ ನಮ್ಮ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ಮುಖಗಳೇ. ಅವುಗಳ ಗುರುತು ಹಿಡಿಯಲು ನನಗೆ ಆಗಲಿಲ್ಲ, ಅದೇ ಎಲ್ಲದಕ್ಕಿಂತ ದೊಡ್ಡ ಹೆದರಿಕೆ.

ಆಯಿ ಅವರನ್ನೆಲ್ಲ ಒಮ್ಮೆ ನೋಡಿದಳು. ತಿರುಗಿ ಒಳಗೆ ಬಂದು ಅವ್ವನ ಸೆರಗಿನಿಂದ ನನ್ನನ್ನು ಬಿಡಿಸಿಕೊಂಡಳು.

'ಅತ್ತಿ, ಕೂಸಿನ್ನ ಬ್ಯಾಡ್ರಿ' ಎಂದು ಅವ್ವ ಅತ್ತಳು. 'ನಿಮ್ಮ ಕಾಲ ಹಿಡೀತೇನಿ, ಕೂಸಿನ್ನ ಬ್ಯಾಡ.'

'ನಮ್ಮ ಕೂಸಿನ್ನ ನಾವು ಅವನ ಕೈಯಾಗ ಕೊಡಲಿಲ್ಲಂದ್ರ ಈ ಮಂದಿ ಅವನ್ನ ಹೆಂಗ ನಂಬ್ಯಾರು?' ಎಂದಳು ಆಯಿ. ಧ್ವನಿ ಎತ್ತರಿಸಲೂ ಇಲ್ಲ. ಪಾಸಣ್ಣನನ್ನು ಎಬ್ಬಿಸಿ ನನ್ನ ಬಲಗೈಯನ್ನು ಅವನ ಕೈಯಲ್ಲಿಟ್ಟಳು. ನನ್ನ ಇನ್ನೊಂದು ಕಂಕುಳಿಗೆ ಚೆಂಡು ಸಿಕ್ಕಿಸಿದಳು. ಹೊರಗೆ ಬಂದು ಹೇಳಿದಳು, 'ಹುಡುಗೂರು ಎಲ್ಲಿ ಅದಾವ ಇವಂಗ ಗೊತ್ತೈತಿ. ನನ್ನ ಮೊಮ್ಮಗಳನ್ನ ಕರಕೊಂಡ ಮುಂದ ಹೋಗ್ತಾನ. ನೀವು ಹಿಂದ ಬರ್ರಿ. ಹುಡುಗೂರು ಸಿಗಲಿಲ್ಲಂದ್ರ ಅವಂಗ ಏನ ಮಾಡ್ತೀರೋ ಮಾಡ್ರಿ, ಮೊದಲ ನನಗ ಮಾಡ್ರಿ.'

ಹೀಗೆ ನಾವಿಬ್ಬರೂ ಹೊರಟೆವು. ಹಿಂದೆ ಗುಂಪು, ಗುಂಪಿನ ಹಿಂದೆ ಎಲ್ಲೋ ಕುಂಟುತ್ತ ಆಯಿ. ನನಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಒದ್ದೆ ಚೆಂಡು ನಾನುಟ್ಟ ಪರಕಾರವನ್ನೆಲ್ಲ ಕೆಂಪು ಮಾಡುತ್ತಿತ್ತು. ನಾವು ಹೋಗುತ್ತಿರುವುದು ಹೊಳೆಗೆ, ಮಕ್ಕಳನ್ನು ಒಯ್ಯುವುದೂ ಹೊಳೆಗೇ ಎಂದು ನನ್ನ ಪುಕ್ಕಲು ತಲೆ ಹೇಳುತ್ತಿತ್ತು. ಆಯಿ ನನ್ನನ್ನು ಕೊಟ್ಟುಬಿಟ್ಟಳು ಎಂದು ಅಳು ಉಕ್ಕಿ ಬಂತು. ಅಷ್ಟರಲ್ಲಿ ನನಗೊಂದು ಗೊತ್ತಾಯಿತು. ಪಾಸಣ್ಣ ನನ್ನ ಕೈಯನ್ನು ಹಿಡಿದೇ ಇರಲಿಲ್ಲ. ಬೆರಳುಗಳನ್ನು ಸಡಿಲ ಬಿಟ್ಟು ಅಂಗೈಯನ್ನು ತೆರೆದಿಟ್ಟಿದ್ದ. ಎಳೆದುಕೊಂಡು ಹೋಗುತ್ತಿಲ್ಲವೆಂದು ಹಿಂದಿನವರಿಗೆ ಕಾಣಲೆಂದು ಇರಬೇಕು. ಹಿಡಿದದ್ದು ನಾನೇ. ನಾನು ಬಿಟ್ಟರೆ ಬಿಟ್ಟುಹೋಗುವ ಕೈ ಅದು. ಆ ಕೈ ಗಡಗಡ ನಡುಗುತ್ತಿತ್ತು. ಮಲೇರಿಯಾ ಜ್ವರ ಬಂದಾಗ ಅಪ್ಪ ನಡುಗುತ್ತಿದ್ದನಲ್ಲ, ಹಾಗೆ. ದೊಡ್ಡ ಗಂಡಸಿಗೂ ಇಷ್ಟು ಹೆದರಿಕೆಯಾಗುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ನನ್ನೊಬ್ಬಳದೇ ಎಂದುಕೊಂಡಿದ್ದ ರೋಗ ಅವನಿಗೂ ಇತ್ತು.

ಗುಡಿಯ ಮೂಲೆಯಲ್ಲಿ ಗುಂಪಿನಿಂದ ಒಬ್ಬ ಮುಂದೆ ಬಂದು ನನ್ನ ಪಕ್ಕಕ್ಕೇ ನಡೆಯತೊಡಗಿದ. ಗೂಟ ಹಿಡಿದವನು. ಮೆಲ್ಲಗೆ, ಮುದ್ದಿನಿಂದಲೇ ಹೇಳಿದ. 'ತಂಗಿ, ಹೆದರಬ್ಯಾಡ. ಕೈ ಬಿಟ್ಟು ಈ ಕಡೆ ಓಡಿ ಬಾ. ಮುಂದಿಂದು ನಾವು ನೋಡ್ಕೋತೇವಿ.' ನನ್ನ ಜೀವದಲ್ಲಿ ಅಷ್ಟು ಆಸೆ ಹುಟ್ಟಿಸಿದ ಮಾತನ್ನು ಯಾರೂ ಆಡಿಲ್ಲ. ಓಡಿಹೋಗಿ ಯಾರದಾದರೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಪಾಸಣ್ಣನಿಗೆ ಆ ಮಾತು ತಿಳಿಯಿತು. ಅವನು ನನ್ನ ಕಡೆ ನೋಡಲಿಲ್ಲ, ನಡಿಗೆ ಮಾತ್ರ ಸ್ವಲ್ಪ ನಿಧಾನ ಮಾಡಿದ. ಬಿಡುವುದಿದ್ದರೆ ಬಿಡು ಎಂಬಂತೆ. ನಾನು ಅವನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದೆ. ಧೈರ್ಯ ಬಂದು ಹಿಡಿದೆನೆಂದು ಹೇಳಿದರೆ ಸುಳ್ಳಾದೀತು. ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ನಡುಗುವ ಕೈಯನ್ನು ಬಿಡಲಿಕ್ಕೆ ಮನಸ್ಸಾಗಲಿಲ್ಲ, ಅಷ್ಟೇ.

ಊರಬಾಗಿಲ ಅಗಸಿ ದಾಟಿ ಇಳಿಜಾರಿಗೆ ಬಂದರೆ ಹೊಳೆ. ಚಳಿಗಾಲದ ಹೊಳೆ ಸಣ್ಣದಾಗಿ ಒಂದು ಬದಿಗೆ ಹರಿಯುತ್ತಿತ್ತು, ಉಳಿದದ್ದೆಲ್ಲ ಬಯಲು. ಆ ಬಯಲಲ್ಲಿ ಓಣಿಯ ಹುಡುಗರೆಲ್ಲ ಅರಿವೆಯ ಚೆಂಡು ಕಟ್ಟಿಕೊಂಡು ಧೂಳೆಬ್ಬಿಸಿ ಆಡುತ್ತಿದ್ದರು. ಮೊದಲು ನಮ್ಮನ್ನು ಕಂಡವನು ಬಸ್ಯಾ. ನನ್ನ ಕಂಕುಳಲ್ಲಿದ್ದುದು ಏನೆಂದು ತಿಳಿದ ಕೂಡಲೇ, 'ಪಾಸಣ್ಣಾ! ಕೆಂಪ ಬಾಲ್ ಬಂತಲೇ!' ಎಂದು ಕೂಗುತ್ತ ಓಡಿ ಬಂದ. ಅವನ ಹಿಂದೆ ಎಲ್ಲರೂ ಬಂದು ಪಾಸಣ್ಣನ ಸೊಂಟಕ್ಕೆ, ಕಾಲಿಗೆ ಜೋತುಬಿದ್ದರು. ನೀಲವ್ವ ಮಗನ ತೋಳು ಹಿಡಿದು ಬೆನ್ನ ಮೇಲೆ ನಾಲ್ಕು ಬಾರಿಸಿದಳು, ಬಾರಿಸುತ್ತಲೇ ಅಪ್ಪಿಕೊಂಡು ಬಾಯಿ ಬಿಟ್ಟು ಅತ್ತಳು. ಅವನು ಯಾಕೆ ಹೊಡೆತ ತಿಂದೆನೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟ. ಹಿಂದಿನಿಂದ ದಬ್ ದಬ್ ಎಂದು ಕಲ್ಲುಗಳು ನೆಲಕ್ಕೆ ಬೀಳುವುದು ಕೇಳಿಸಿತು. ಕೆಲಹೊತ್ತಿಗೆ ಮಾಂತು ಕಾಕಾ ಹುನಗುಂದದ ಹುಡುಗರನ್ನು ಕರೆದುಕೊಂಡು ಬಂದ. ಗೋಲಿನ ಗುರುತಿಗೆ ಕಲ್ಲು ಬೇಕಲ್ಲ, ಹುಡುಗರು ಅಲ್ಲೇ ಬಿದ್ದಿದ್ದ ಕಲ್ಲುಗಳನ್ನು ಆರಿಸಿ ಗುಡ್ಡೆ ಹಾಕಿದರು. ಅಂದು ಕಲ್ಲು ಹುಡುಕಿಕೊಂಡು ದೂರ ಹೋಗುವ ಪ್ರಸಂಗ ಬರಲಿಲ್ಲ.

ಆಟ ನಡೆಯಿತು. ಕಲ್ಲು ಹಿಡಿದು ಬಂದವರು ಹೋಗಲಾರದೆ ನಿಲ್ಲಲಾರದೆ ದಂಡೆಯ ಮೇಲೆ ಕೂತು ನೋಡಿದರು, ಆಮೇಲಾಮೇಲೆ 'ಹೊಡೀಲೇ' ಎಂದು ಕೂಗಿದರು. ಹಸಿ ಬಣ್ಣದ ಚೆಂಡು ಮುಟ್ಟಿದವರನ್ನೆಲ್ಲ ಕೆಂಪು ಮಾಡಿತು. ಹುನಗುಂದದವರ ಪಾದ, ಕಾಕಾನ ಎದೆ, ಬಸ್ಯಾನ ಹಣೆ ಎಲ್ಲ ಕೆಂಪು. ಯಾರು ಗೆದ್ದರೋ ನನಗೆ ನೆನಪಿಲ್ಲ. ಪಾಸಣ್ಣ ಆಡಲಿಲ್ಲ. ಕಾಕಾ ನಡೆದುದನ್ನೆಲ್ಲ ಕೇಳಿ ಬಂದು ಕರೆದ, ಅತ್ತ, ಕಾಲು ಮುಟ್ಟಿದ. ಅವನು ತಲೆಯಾಡಿಸಿ ನನ್ನ ಹತ್ತಿರವೇ ಕೂತುಕೊಂಡ. ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ, ನಡುಕ ಯಾರಿಗೂ ಕಾಣಬಾರದೆಂದು. ಆಯಿ ಬಂದು ಮುಟ್ಟುವಷ್ಟರಲ್ಲಿ ಅರ್ಧ ಆಟ ಮುಗಿದಿತ್ತು. ಅವಳು ನಮ್ಮಿಬ್ಬರ ನಡುವೆ ಕೂತು ಮೊಣಕಾಲು ನೀವಿಕೊಳ್ಳುತ್ತ, 'ಇದಕ್ಕ ಇಷ್ಟ್ಯಾಕ ಬಡಿದಾಡತಾವಪಾ, ಎಲ್ಲಾರಿಗೂ ಒಂದೊಂದು ಕೊಟ್ರ ಮುಗೀತಿತ್ತು' ಎಂದಳು. ಪಾಸಣ್ಣ ಆಗ ನಕ್ಕ. ನಗುತ್ತ ನಗುತ್ತ ಅತ್ತುಬಿಟ್ಟ.

ಸಂಜೆ ಪೇಟೆಯಿಂದ ಬಂದ ಅಮಾಲಾ ಮಗನ ಕಿವಿ ನೋಡಿದಳು. ಸ್ವೆಟರುಗಳನ್ನು ಮಡಚಿ ಗಂಟು ಕಟ್ಟತೊಡಗಿದಳು. ಅಷ್ಟು ಸರಾಗವಾಗಿ, ಅಷ್ಟು ರೂಢಿಯಾದವಳಂತೆ ಕಟ್ಟುವುದನ್ನು ನೋಡಿ ಆಯಿ ಹೊಸ್ತಿಲಲ್ಲಿಯೇ ಕುಸಿದು ಕೂತಳು. ಆಮೇಲೆ ತಾನೂ ಒಳಗೆ ಹೋಗಿ ಜೊತೆಗೆ ಮಡಚತೊಡಗಿದಳು. ಇರು ಎಂದು ಕೇಳುವ ಬಾಯಿ ನಮಗೆ ಉಳಿದಿರಲಿಲ್ಲ. ಮರುದಿನ ಮುಂಜಾನೆಯ ಬಸ್ಸಿಗೆ ಅವರು ಹೋದರು. ಮುಂಚೀ ಖೋಲಿ ಖಾಲಿಯಾಯಿತು, ಆ ಚಳಿಗಾಲ ನನಗೆ ಮುಗಿಯಲೇ ಇಲ್ಲ.

ಮುಂದಿನ ದೀಪಾವಳಿಗೆ ಬರುವುದಿಲ್ಲವೆಂದು ತಿಳಿದಿದ್ದೆವು. ಬಂದರು. ಆಯಿ ಖೋಲಿಯನ್ನು ಸಾರಿಸಿಯೇ ಇಟ್ಟಿದ್ದಳು. ನೀಲವ್ವ ಎಲ್ಲರಿಗಿಂತ ಮೊದಲು ಬಂದು ಬಸ್ಯಾನಿಗೆ ಸ್ವೆಟರ್ ಕೊಂಡಳು, ಚೌಕಾಶಿ ಮಾಡಲಿಲ್ಲ, ತಲೆ ಎತ್ತಿ ನೋಡಲೂ ಇಲ್ಲ. ಮತ್ತೆ ಹೊಳೆಯಲ್ಲಿ ಫುಟ್‌ಬಾಲ್ ಶುರುವಾಯಿತು. ಎಲ್ಲ ಮೊದಲಿನಂತೆಯೇ ಆಯಿತು ಎಂದು ದೊಡ್ಡವರು ಸಮಾಧಾನಪಟ್ಟರು. ನನಗೆ ಮಾತ್ರ ಎರಡು ಸಂಗತಿ ಕಾಣುತ್ತಿತ್ತು. ಪಾಸಣ್ಣ ಮುಂದೆಂದೂ ಚೀಲ ಹೊರಲಿಲ್ಲ. ಎಷ್ಟೇ ಭಾರವಿದ್ದರೂ ಸ್ವೆಟರುಗಳನ್ನು ತೋಳಿನ ಮೇಲೆ, ಹೆಗಲ ಮೇಲೆ ಎಲ್ಲರಿಗೂ ಕಾಣುವಂತೆ ಬಿಡಿಬಿಡಿಯಾಗಿ ಹೊತ್ತು ನಡೆಯುತ್ತಿದ್ದ. ಇನ್ನೊಂದು, ಅವನು ಯಾವ ಕೂಸಿನ ತಲೆಯನ್ನೂ ಸವರಲಿಲ್ಲ. ಮಕ್ಕಳು ಹತ್ತಿರ ಬಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಗುತ್ತಿದ್ದ. ನಾನು ಬೇಕೆಂದೇ ಜಡೆ ಮುಂದೆ ಮಾಡಿಕೊಂಡು ಅವನ ಎದುರಿಗೆ ಹೋಗಿ ನಿಂತದ್ದುಂಟು. ಅವನು ಜಡೆಯನ್ನು ನೋಡುತ್ತಿದ್ದ, ನಗುತ್ತಿದ್ದ, ಕೈ ಮಾತ್ರ ಹಿಂದೆಯೇ ಇರುತ್ತಿತ್ತು. ನಾನು ದೊಡ್ಡವಳಾದೆ, ಪರಕಾರ ಹೋಗಿ ಸೀರೆ ಬಂತು, ಬಾದಾಮಿಯ ಕಡೆ ಮದುವೆಯಾಗಿ ಹೋದೆ. ಅವನ ಕೈ ಮುಂದೆ ಬಂದುದನ್ನು ನೋಡಲಿಲ್ಲ.

ಎಂಬತ್ತರ ದಶಕದ ನಡುವೆ ನಾನು ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಆಯಿ ತೀರಿಹೋಗಿ ಕೆಲವು ತಿಂಗಳಾಗಿದ್ದವು. ಡ್ಯಾಮಿನ ನೀರು ಊರಿಗೆ ಬರುತ್ತದೆ, ಮನೆಗಳನ್ನು ಬಿಡಬೇಕಾಗುತ್ತದೆ ಎಂಬ ಮಾತು ಆಗ ಎಲ್ಲರ ಬಾಯಲ್ಲಿ. ಓಣಿಯಲ್ಲಿ ಅರ್ಧ ಮಗ್ಗಗಳು ನಿಂತಿದ್ದವು. ನನ್ನ ಮಗಳು ಹುಟ್ಟಿ ಇನ್ನೂ ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ. ನನ್ನ ಹಳೇ ಹೆದರಿಕೆಗಳೆಲ್ಲ ಹೊಸದಾಗಿ ಮರಳಿ ಬಂದಿದ್ದವು. ಅದು ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಇಟ್ಟು ನೋಡುತ್ತಿದ್ದೆ, ಬಂದವರು ಎತ್ತಿಕೊಂಡರೆ ಜೀವ ಬಾಯಿಗೆ ಬರುತ್ತಿತ್ತು. ನೀಲವ್ವ ಅಂದು ಯಾಕೆ ಹಾಗೆ ಕೂದಲು ಬಿಚ್ಚಿಕೊಂಡು ಓಡಿ ಬಂದಳೆಂಬುದು ನನಗೆ ಆಗ ಅರ್ಥವಾಯಿತು. ಅವ್ವನ ಅಳುವೂ ಅರ್ಥವಾಯಿತು. ಆಯಿ ಮಾಡಿದ್ದು ಎಷ್ಟು ದೊಡ್ಡದೆಂಬುದು ಆಮೇಲೆ ಅರ್ಥವಾಯಿತು. ಆಕೆಗೆ ಹೆದರಿಕೆಯಾಗಿರಲಿಲ್ಲ ಎಂದು ನಾನು ಅಷ್ಟು ವರ್ಷ ತಿಳಿದಿದ್ದೆ.

ಒಂದು ಮಧ್ಯಾಹ್ನ ಕೋಣೆಗೆ ಡಾಂಬರ್ ಗುಳಿಗೆಯ ವಾಸನೆ ಬಂತು. ಪಾಸಣ್ಣ ಬಾಗಿಲಾಚೆ ನಿಂತಿದ್ದ. ಕೂದಲು ನರೆತಿತ್ತು. ಆಯಿಯ ಸುದ್ದಿ ಅವನಿಗೆ ಓಣಿಯ ಮೂಲೆಯಲ್ಲಿಯೇ ಸಿಕ್ಕಿತ್ತು. ಕಣ್ಣು ಕೆಂಪಾಗಿದ್ದವು. ತೋಳಿನ ಮೇಲಿದ್ದ ಸ್ವೆಟರುಗಳನ್ನು ಕಟ್ಟೆಯ ಮೇಲೆ ಇಟ್ಟು, ಅಂಗೈಯಷ್ಟೇ ಅಗಲದ ಒಂದು ಹಳದಿ ಸ್ವೆಟರನ್ನು ಹೊಸ್ತಿಲ ಮೇಲೆ ಇಟ್ಟ. 'ಅಮಾಲಾ ಹೆಣದ ಇಟ್ಟಿದ್ಲು, ನಿನಗ ಕೂಸಾದ್ರ ಕೊಡಾಕ' ಎಂದ. ಕೂಸನ್ನು ದೂರದಿಂದಲೇ ಕತ್ತು ಚಾಚಿ ನೋಡಿದ. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

ನಾನು ಹಾಸಿಗೆಯಿಂದ ಎದ್ದೆ. ಬಾಣಂತಿ ಗಾಳಿಗೆ ಬರಬಾರದೆಂದು ಅವ್ವ ಒಳಗಿನಿಂದ ಬೈಯುತ್ತಿದ್ದಳು. ಹೊಸ್ತಿಲ ಹತ್ತಿರ ಬಂದು, 'ಪಾಸಣ್ಣ, ಕೈ ಮುಂದ ತಾ' ಎಂದೆ. ಅವನು ತಲೆಯಾಡಿಸಿದ. 'ತಾ ಅಂದೆ. ಆಯಿ ಇದ್ದಿದ್ರ ಕೂಸಿನ್ನ ನಿನ್ನ ಕೈಯಾಗ ಕೊಡತಿದ್ದಿಲ್ಲೇನು?' ಬಹಳ ಹೊತ್ತಿನ ಮೇಲೆ ಆ ಕೈಗಳು ಮುಂದೆ ಬಂದವು. ನಾನು ಮಗಳನ್ನು ಅವುಗಳಲ್ಲಿ ಇಟ್ಟೆ. ಕೈ ನಡುಗುತ್ತಿದ್ದವು, ಅಂದಿನಂತೆಯೇ. ನನ್ನವೂ ನಡುಗುತ್ತಿದ್ದವು. ಕೂಸು ಮಾತ್ರ ಒಮ್ಮೆ ಆಕಳಿಸಿ ನಿದ್ದೆಹೋಯಿತು.

ಆಮೇಲೆ ನೀರು ಬಂತು. ಮುಳುಗಿದ ಮನೆಗೆ ಬದಲಾಗಿ ತವರಿನವರಿಗೆ ನವನಗರದಲ್ಲಿ ಈ ಮನೆಯಾಯಿತು, ಮುಂದೆ ನಾನೂ ಇಲ್ಲಿಗೇ ಬಂದೆ. ಮಗ್ಗದ ಕುಣಿ, ಬಣ್ಣದ ಹಂಡೆ ಇಡುತ್ತಿದ್ದ ಒಲೆ, ಮುಂಚೀ ಖೋಲಿ, ಆಯಿ ನಿಂತ ಹೊಸ್ತಿಲು, ಹುಡುಗರು ಆಡಿದ ಬಯಲು, ಗೋಲಿಗೆ ಗುಡ್ಡೆ ಹಾಕಿದ ಕಲ್ಲು ಎಲ್ಲವೂ ಅದರ ಕೆಳಗಿವೆ. ಅಮಾಲಾ ಹೋದಳು, ಪಾಸಣ್ಣನ ಸುದ್ದಿ ನಿಂತುಹೋಗಿ ಎಷ್ಟೋ ಚಳಿಗಾಲಗಳಾದವು. ಮಗಳಿಗೆ ಈಗ ಮಕ್ಕಳಿದ್ದಾರೆ. ಹಳದಿ ಸ್ವೆಟರನ್ನು ಯಾರಿಗೂ ಕೊಟ್ಟಿಲ್ಲ. ವರ್ಷಕ್ಕೊಮ್ಮೆ ಟ್ರಂಕು ತೆಗೆದು ಅದನ್ನು ಬಿಸಿಲಿಗೆ ಹಾಕುತ್ತೇನೆ, ಸಂಜೆ ಮಡಚಿ ಹೊಸ ಗುಳಿಗೆ ಇಟ್ಟು ಮುಚ್ಚುತ್ತೇನೆ. ಮುಚ್ಚುವಾಗ ನನ್ನ ಬಲಗೈ ಸ್ವಲ್ಪ ನಡುಗುತ್ತದೆ. ವಯಸ್ಸಾಯಿತು ಎನ್ನುತ್ತಾಳೆ ಮಗಳು. ಇರಬಹುದು ಎಂದು ನಾನು ಟ್ರಂಕಿನ ಚಿಲಕ ಹಾಕುತ್ತೇನೆ.